ನಗಬೇಡಿಯ ಬಿಸ್ಕತ್ತು ಡಬ್ಬಿ

"ಆ ಹೊಸ ಸಿನಿಮಾದಲ್ಲಿ ಕೊಲೆಗಾರ ಕೊನೆಗೂ ಸಿಕ್ಕೋದೇ ಇಲ್ವಂತೆ ಕಣಣ್ಣಾ! ಪೊಲೀಸರ ಕೈಲಿ ಆಗಿಲ್ಲ, ನಾವಾದ್ರೂ ಹಿಡಿಯೋಣ ಅಂತ ಇಡೀ ಬೀದಿಗೇ ಟಿಕೆಟ್ ತೆಗೆಸ್ಬಿಟ್ಟಿದೀನಿ. ಇವತ್ತು ಮಧ್ಯಾಹ್ನದ ಆಟ. ಅತ್ತಿಗೇನೂ ಕರ್ಕೊಂಡು ಬಾ," ಎಂದು ಪಕ್ಕದಂಗಡಿಯ ಟೈಲರ್ ಹಲ್ಲಿನಿಂದ ದಾರ ಕಡಿಯುತ್ತ ಹೇಳಿದ.

ಕ್ಯಾಮೆರಾದ ಗಾಜು ಒರೆಸುತ್ತಿದ್ದ ನಗಬೇಡಿಯ ಕೈ ಅಲ್ಲೇ ನಿಂತಿತು.

ಹೆತ್ತವರು ಅವನಿಗೆ ಬೇರೆ ಹೆಸರು ಇಟ್ಟಿದ್ದರು. ಆದರೆ ಹದಿನಾಲ್ಕು ವರ್ಷದಿಂದ ತನ್ನ ಸ್ಟುಡಿಯೋದ ನೀಲಿ ಪರದೆಯ ಮುಂದೆ ಕೂತವರಿಗೆಲ್ಲ "ತಲೆ ಎತ್ತಿ, ಭುಜ ಇಳಿಸಿ, ನಗಬೇಡಿ" ಎಂದು ಹೇಳೀ ಹೇಳೀ ಬೀದಿಯ ಬಾಯಲ್ಲಿ ಅದೇ ಅವನ ಹೆಸರಾಗಿತ್ತು. ಪಾಸ್‌ಪೋರ್ಟಿಗೆ ನಗುವ ಮುಖ ನಡೆಯುವುದಿಲ್ಲವಲ್ಲ! ಹಾಗಾಗಿ ಹಸುವಿನಂಥ ಮನುಷ್ಯರೂ ಅವನ ಫೋಟೋದಲ್ಲಿ ಈಗಷ್ಟೇ ಯಾರನ್ನೋ ಬಾವಿಗೆ ತಳ್ಳಿ ಬಂದವರ ಹಾಗೆ ಕಾಣುತ್ತಿದ್ದರು. ಗಿರಾಕಿಗಳು ಬಿಟ್ಟುಹೋದ ಪ್ರತಿಗಳನ್ನು ಎಸೆಯಲು ಮನಸ್ಸು ಬಾರದೆ ಅವನು ಒಂದು ಬಿಸ್ಕತ್ತು ಡಬ್ಬಿಯಲ್ಲಿ ತುಂಬಿಡುತ್ತಿದ್ದ.

ಆ ಡಬ್ಬಿಯೇ ಈಗ ಕುತ್ತಿಗೆಗೆ ಬಂದಿತ್ತು. ವರ್ಷದ ಹಿಂದೆ ಸಿನಿಮಾದವನೊಬ್ಬ ಬಂದಿದ್ದ. ಸಾಲು ಸಾಲು ಕೊಲೆಗಳ ಕತೆಯಂತೆ, ಇನ್‌ಸ್ಪೆಕ್ಟರನ ಕೋಣೆಯ ಗೋಡೆಗೆ ಅಂಟಿಸಲು ಫೋಟೋ ಬೇಕಂತೆ. "ನೋಡಿದ ಕೂಡ್ಲೇ ಅನುಮಾನ ಬರೋಂಥ ಮುಖ ಇದ್ದಾವಾ?" ಎಂದು ಕೇಳಿದ. ನಗಬೇಡಿ ಡಬ್ಬಿ ಸುರಿದ. ಆತ "ಅಬ್ಬಬ್ಬಾ, ಎಂಥಾ ಕಟುಕರು! ಇವರನ್ನೆಲ್ಲ ಎಲ್ಲಿ ಹಿಡಿದ್ರಿ?" ಎಂದು ಅಷ್ಟನ್ನೂ ಬಾಚಿಕೊಂಡು ಹೋದ.

ಪರದೆಯ ಮೂಲೆಯಲ್ಲಿ ಸಾಸಿವೆಯಷ್ಟು ಕಂಡರೆ ಹೆಚ್ಚು ಎಂದುಕೊಂಡಿದ್ದ ನಗಬೇಡಿ ನಿನ್ನೆ ಕುತೂಹಲಕ್ಕೆ ಒಬ್ಬನೇ ಹೋಗಿ ನೋಡಿದ್ದ. ನೋಡಿದರೆ ಬಾಗಿಲಿನಷ್ಟು ದೊಡ್ಡ ಟೈಲರ್! ಪಕ್ಕದಲ್ಲಿ ಔಷಧಿ ಅಂಗಡಿಯ ಅಕ್ಕ! ನಟ್ಟನಡುವೆ, ಕೆಂಪು ಶಾಯಿಯ ಸುತ್ತಿನೊಳಗೆ, ನಿವೃತ್ತ ಹೆಡ್‌ಮಾಸ್ತರು! ಅವನು ಇಂಟರ್‌ವಲ್ಲಿಗೂ ಕಾಯದೆ ಸೀಟುಗಳ ಸಂದಿಯಲ್ಲಿ ಬಗ್ಗಿಕೊಂಡೇ ಹೊರಬಿದ್ದಿದ್ದ.

ಬೇರೆಯವರಾಗಿದ್ದರೆ ಕೈಕಾಲು ಹಿಡಿದು ಪಾರಾಗಬಹುದಿತ್ತು. ಹೆಡ್‌ಮಾಸ್ತರು ಸ್ಟುಡಿಯೋ ಇದ್ದ ಕಟ್ಟಡದ ಮಾಲೀಕರು. ಮಳಿಗೆಯ ಕರಾರು ಇವತ್ತಿಗೆ ಮುಗಿಯುತ್ತಿತ್ತು; ಹೊಸದಕ್ಕೆ ಅವರ ಒಂದು ಸಹಿ ಬೀಳಬೇಕಿತ್ತು.

"ರೀ, ಆಟ ಶುರುವಾಗೋ ಮುಂಚೆ ಸಹಿ ಹಾಕಿಸ್ಕೊಂಡ್ಬಿಡಿ. ಆಮೇಲೆ ಅವರು ಪರದೆ ಮೇಲೆ ಯಾರನ್ನ ಬೇಕಾದ್ರೂ ನೋಡ್ಲಿ," ಎಂದಳು ಹೆಂಡತಿ. ಮದುವೆಯಾದಾಗಿನಿಂದ ಅವಳ ಮಾತು ಸುಳ್ಳಾದದ್ದಿಲ್ಲ. ಕರಾರಿನ ಕೊನೆಯ ಪುಟದಲ್ಲಿ ತನ್ನದೇ ಒಂದು ನಗದ ಫೋಟೋ ಅಂಟಿಸಿಕೊಂಡು ನಗಬೇಡಿ ಮಹಡಿ ಹತ್ತಿದ.

ಹೆಡ್‌ಮಾಸ್ತರು ಕಾಗದ ತೆಗೆದುಕೊಂಡರು. ಜೇಬಿನಿಂದ ಪೆನ್ನು ತೆಗೆದರು. ಕೆಂಪು ಪೆನ್ನು.

"ಏನಯ್ಯಾ ಇದು? ಎರಡನೇ ಪುಟದಲ್ಲೇ ಮೂರು ತಪ್ಪು! ಪೂರ್ಣವಿರಾಮ ಎಲ್ಲಿ?"

"ಸಾರ್, ತಾವು ಸಹಿ ಹಾಕ್ಬಿಡಿ. ಪೂರ್ಣವಿರಾಮ ನಾನೇ ಇಟ್ಕೊತೀನಿ."

"ತಿದ್ದಿ ಬರ್ಕೊಂಡು ಬಾ."

ಟೈಪಿಸ್ಟನ ಹತ್ತಿರ ಓಡಿದ. ವಾಪಸ್ ಬಂದ. ಈ ಸಲ ತಪ್ಪು ಎರಡು. ಮತ್ತೆ ಓಡಿದ. ಮೂರನೇ ಸಲ ಏದುಸಿರು ಬಿಡುತ್ತ ಬರುವಾಗ ಹೆಡ್‌ಮಾಸ್ತರು ಬೂಟು ಹಾಕಿಕೊಂಡು, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

"ಸಿನಿಮಾ ಮುಗಿಸ್ಕೊಂಡು ಬಂದು ನೋಡೋಣ."

"ಅಯ್ಯೋ ಸಾರ್, ಅದೊಂದು ತಲೆನೋವು ಸಿನಿಮಾ! ಕೊಲೆಗಾರ ಕೊನೆಗೂ ಸಿಗಲ್ಲ."

"ಸಿಗಲ್ವಾ?" ಹೆಡ್‌ಮಾಸ್ತರ ಕಣ್ಣು ಹೊಳೆಯಿತು. "ಮೂವತ್ತೊಂಬತ್ತು ವರ್ಷ ಕಣಯ್ಯಾ! ಹಿಂದಿನ ಬೆಂಚಿಂದ ಕಾಗದದ ರಾಕೆಟ್ ಬಿಟ್ಟೋನನ್ನ ಬೋರ್ಡ್ ಕಡೆ ತಿರುಗ್ಕೊಂಡೇ ಹಿಡೀತಿದ್ದೆ. ಮುಖ ನೋಡಿದ್ರೆ ಸಾಕು, ಕಳ್ಳ ಯಾರು ಅಂತ ಹೇಳ್ತೀನಿ. ನಡಿ, ನಡಿ!"

ಬೆಂಕಿ ಆರಿಸಲು ಎಣ್ಣೆ ಸುರಿದ ಹಾಗಾಯಿತು.

ಥಿಯೇಟರಿನಲ್ಲಿ ನಗಬೇಡಿ ಹಟ ಹಿಡಿದು ಹೆಡ್‌ಮಾಸ್ತರ ಮುಂದಿನ ಸೀಟಿನಲ್ಲೇ ಕೂತ. "ಕೊಡಿ ಸಾರ್, ನಾನು ಹಿಡ್ಕೊತೀನಿ" ಎಂದು ಅವರ ಕೊಡೆಯನ್ನೂ ಇಸಿದುಕೊಂಡ. ತೆರೆಯ ಮೇಲೆ ಮೊದಲ ಕೊಲೆಯಾಯಿತು, ಎರಡನೆಯದಾಯಿತು. ಹಿಂದಿನಿಂದ ಹೆಡ್‌ಮಾಸ್ತರು "ಆ ಹಾಲಿನವನೇ. ಕಿವಿ ನೋಡು ಅವನದು," ಎಂದು ತನಿಖೆ ನಡೆಸುತ್ತಿದ್ದರು. ತೆರೆಯಲ್ಲಿ ಇನ್‌ಸ್ಪೆಕ್ಟರ್ ತನ್ನ ಕೋಣೆಯ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದ.

ಅದೇ ಗೋಡೆಯ ಕೋಣೆ! ನಗಬೇಡಿ ಛಂಗನೆ ಎದ್ದು ಕೊಡೆ ಬಿಚ್ಚಿದ.

"ಏಯ್! ಥಿಯೇಟರ್ ಒಳಗೂ ಮಳೆನಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಸೋರ್ತಾ ಇದೆ! ನಿಜವಾಗ್ಲೂ ಸೋರ್ತಾ ಇದೆ!" ಎಂದು ನಗಬೇಡಿ ಕೊಡೆಯನ್ನು ಎಡಕ್ಕೂ ಬಲಕ್ಕೂ ಬೀಸಿದ. ಟೈಲರ್ ಹಾರಿ ಬಂದು ಕೊಡೆ ಕಸಿದುಕೊಂಡ. ಹೆಂಡತಿ ಅಂಗಿ ಹಿಡಿದೆಳೆದು ಕೂರಿಸಿದಳು. ಅಷ್ಟರಲ್ಲಿ ತೆರೆಯ ತುಂಬ ಗೋಡೆ, ಗೋಡೆಯ ತುಂಬ ಅವರ ಬೀದಿ.



"ಅಯ್ಯಯ್ಯೋ! ಅದು ನಾನಲ್ವಾ?" ಎಂದಿತು ಔಷಧಿ ಅಂಗಡಿಯ ಅಕ್ಕನ ದನಿ. ನಗಬೇಡಿ ಕಣ್ಣು ಮುಚ್ಚಿದ. ಮೊದಲ ಏಟು ಬೆನ್ನಿಗೋ ತಲೆಗೋ ಎಂದು ಕಾದ. ಬಂದದ್ದು ಸಿಳ್ಳೆ.

"ನನ್ನ ಕಾಲರ್! ನಾನೇ ಹೊಲಿದ ಕಾಲರ್! ಎಷ್ಟು ನೆಟ್ಟಗೆ ನಿಂತಿದೆ ನೋಡ್ರೋ!" ಎಂದು ಟೈಲರ್ ಸೀಟಿನ ಮೇಲೆ ಹತ್ತಿ ಕುಣಿಯುತ್ತಿದ್ದ. ಸಾಲಿಗೆ ಸಾಲೇ ಎದ್ದು ನಿಂತು ಬೆರಳು ಮಾಡಿ ಕೇಕೆ ಹಾಕುತ್ತಿತ್ತು. ಆಗ ಕ್ಯಾಮೆರಾ ನಡುವಿನ ಫೋಟೋದ ಹತ್ತಿರ ಸರಿಯಿತು. ಕೆಂಪು ಸುತ್ತು. ಕೇಕೆ ನಿಂತಿತು. ಆಯುಷ್ಯವಿಡೀ ಊರ ಮಕ್ಕಳ ತಪ್ಪಿಗೆಲ್ಲ ಕೆಂಪು ಸುತ್ತು ಹಾಕಿದವರನ್ನು ಯಾರೋ ಸುತ್ತು ಹಾಕಿ ಕೂರಿಸಿದ್ದರು.

ಇಂಟರ್‌ವಲ್ಲಿನ ದೀಪ ಹತ್ತಿತು. ಹೆಡ್‌ಮಾಸ್ತರು ಥೇಟ್ ಫೋಟೋದಂತೆಯೇ ಕೂತಿದ್ದರು. ಎದ್ದು ಹೊರಗೆ ನಡೆದರು. ಅವರನ್ನು ಕಂಡದ್ದೇ ಚಹಾದ ಸಾಲು ನಡುಗಿ ಇಬ್ಭಾಗವಾಯಿತು. ಕಂಬದಂಥ ಆಳೊಬ್ಬ ತನ್ನ ಲೋಟವನ್ನೇ ಅವರ ಕೈಗಿತ್ತು ಹಿಂದಕ್ಕೆ ಸರಿದ. ಹೆಡ್‌ಮಾಸ್ತರು ಚಹಾ ಕುಡಿದರು. ಮೀಸೆ ಒರೆಸಿಕೊಂಡರು. ಮತ್ತೆ ಒಳಗೆ ಬಂದು ಅದೇ ಸೀಟಿನಲ್ಲಿ ಕೂತರು.

ಉಳಿದರ್ಧ ಸಿನಿಮಾ ನಗಬೇಡಿಗೆ ಕಾಣಲೇ ಇಲ್ಲ. ಅವನ ಕಣ್ಣ ಮುಂದೆ ಬೀಗ ಬಿದ್ದ ಸ್ಟುಡಿಯೋ ಒಂದೇ ಇತ್ತು. ಕೊನೆಯಲ್ಲಿ ಕೂದಲು ನೆರೆತ ಇನ್‌ಸ್ಪೆಕ್ಟರ್ ನಿವೃತ್ತಿಯ ದಿನ ಗೋಡೆಯ ಮುಂದೆ ನಿಂತು, ನಡುವಿನ ಫೋಟೋಗೆ ಹೇಳಿದ: "ನೀನೇ ಅಂತ ನನಗೆ ಗೊತ್ತು. ಸಾಕ್ಷಿ ಮಾತ್ರ ಇಲ್ಲ." ತೆರೆಯ ಈ ಅಂಚಿನಿಂದ ಆ ಅಂಚಿನವರೆಗೆ ಹೆಡ್‌ಮಾಸ್ತರ ಮುಖ. ಮುಕ್ತಾಯ.

ಹಿಂದಿನ ಸೀಟು ಕಿರುಗುಟ್ಟಿತು.

"ಹಿಡಿಯೋಕಾಗ್ಲಿಲ್ಲ!" ಹೆಡ್‌ಮಾಸ್ತರು ಎರಡೂ ಕೈ ಎತ್ತಿ ನಿಂತಿದ್ದರು. "ಎರಡೂವರೆ ಗಂಟೆ ಹುಡುಕಿದ್ರು, ಪೊಲೀಸ್ ಇಲಾಖೆಗೆ ಇಲಾಖೇನೇ! ನನ್ನ ಕೂದಲೂ ಕೊಂಕಲಿಲ್ಲ! ಮೂವತ್ತೊಂಬತ್ತು ವರ್ಷ ಪಾಠ ಹೇಳಿದೀನಿ ಕಣ್ರಯ್ಯಾ, ಒಬ್ಬನಾದ್ರೂ ನನ್ನ ಮುಖಾನ ಇಷ್ಟು ಗಮನ ಇಟ್ಟು ನೋಡಿದ್ನಾ? ಎಲ್ಲಿ ಆ ನಗಬೇಡಿ?"

ಮುಂದಿನದು ಮೆರವಣಿಗೆಯೇ. ಟೈಲರ್ ಮತ್ತು ಕಂಬದಂಥ ಆಳು ನಗಬೇಡಿಯನ್ನು ಹೆಗಲ ಮೇಲೆ ಹೊತ್ತರು. ಅಪರಿಚಿತರು ಹೆಡ್‌ಮಾಸ್ತರ ಜೊತೆ ಫೋಟೋ ಹೊಡೆಸಿಕೊಳ್ಳಲು ಮುಗಿಬಿದ್ದರು. ಹೆಂಡತಿ "ಡಬ್ಬಿ ಎಸೀಬೇಡಿ ಅಂತ ಹೇಳಿದ್ದೇ ನಾನು!" ಎಂದು ಕಂಡಕಂಡವರಿಗೆ ಸಾರುತ್ತ ನಡೆದಳು. ಸ್ಟುಡಿಯೋ ಬಾಗಿಲಲ್ಲಿ ಆಗಲೇ ಸರತಿ ನಿಂತಿತ್ತು. ಗೋಡೆಯಲ್ಲಿ ಜಾಗ ಸಿಗದವರೆಲ್ಲ "ನಮ್ಮದೂ ಒಂದು ಕೊಲೆಗಾರನ ಥರ ತೆಗಿ" ಎಂದು ಬಂದಿದ್ದರು. ನಗಬೇಡಿಯ ಎದೆ ಪೂರಿಯಂತೆ ಉಬ್ಬಿತು. ಹದಿನಾಲ್ಕು ವರ್ಷದಲ್ಲಿ ಇಂಥ ದಿನ ಬಂದಿರಲಿಲ್ಲ.

ಹೆಡ್‌ಮಾಸ್ತರು ಒಳಗೆ ಬಂದು ಕರಾರನ್ನು ಮೊದಲಿಂದ ಕೊನೆವರೆಗೆ ಓದಿದರು. "ಭೇಷ್! ಒಂದೂ ತಪ್ಪಿಲ್ಲ." ಪೆನ್ನಿನ ಮುಚ್ಚಳ ತೆಗೆದರು.

"ಅಲ್ಲಯ್ಯಾ," ಎಂದರು ಹೆಡ್‌ಮಾಸ್ತರು, "ಕೊಲೆಗಾರ ಸಿಕ್ಕಿಲ್ಲ ಅಂದ್ಮೇಲೆ ಎರಡನೇ ಭಾಗ ಬಂದೇ ಬರುತ್ತೆ, ಅಲ್ವಾ?"

"ಬರುತ್ತೆ ಸಾರ್. ಬರದೇ ಇರುತ್ತಾ!"

"ಬಂದ್ರೆ ನನ್ನನ್ನ ಬಿಟ್ಟು ಇನ್ಯಾರನ್ನ ಕರೀತಾರೆ? ಬರೀ ಫೋಟೋ ಸಾಲದು, ನಟನೆ ಕಲೀಬೇಕು. ನಾನೊಬ್ಬನೇ ಅಲ್ಲ, ಇಡೀ ಗೋಡೆ ಕಲೀಬೇಕು. ಎಲ್ಲಿ ಅಂತ ದಾರಿಯುದ್ದಕ್ಕೂ ಯೋಚಿಸ್ತಾ ಬಂದೆ. ಪರದೆ ಇಲ್ಲೇ ಇದೆ, ದೀಪ ಇಲ್ಲೇ ಇದೆ, ಇಷ್ಟೆತ್ತರದ ಕನ್ನಡಿ ಇದೆ. ಮಳಿಗೆ ನನ್ನದೇ. ಕರಾರೂ ಇವತ್ತಿಗೇ ಮುಗೀತಲ್ಲ! ನಾಳೆಯಿಂದ ಇಲ್ಲಿ ಅಭಿನಯ ಶಾಲೆ."

ಹೊರಗೆ ಸರತಿಯೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರು ಟೈಲರನದು.

"ಸಾರ್... ಹಾಗಾದ್ರೆ ನಾನು?"

ಹೆಡ್‌ಮಾಸ್ತರು ತಲೆಯೆತ್ತಿ ನಗಬೇಡಿಯನ್ನು ನೋಡಿದರು. ಬಣ್ಣ ಹೋದ ಕೆನ್ನೆ, ನೆಟ್ಟ ಕಣ್ಣು, ಇಳಿಬಿದ್ದ ಭುಜ. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

"ಆಹಾ! ಅಲ್ಲಾಡಬೇಡ! ಹಾಗೇ ಇಟ್ಕೋ ಆ ಮುಖಾನ! ನೀನ್ಯಾಕಯ್ಯಾ ಚಿಂತೆ ಮಾಡ್ತೀಯಾ? ಶಾಲೆಗೆ ಮೊದಲನೇ ವಿದ್ಯಾರ್ಥಿ ನೀನೇ."

ಮತ್ತೆ ಕರಾರಿನ ಕಡೆ ಬಗ್ಗಿ, ಕೊನೆಯ ಪುಟ ತಿರುವಿ, ಸಹಿಯ ಜಾಗವನ್ನು ದಾಟಿ ಪೆನ್ನನ್ನು ಮೇಲಕ್ಕೊಯ್ದು, ಅಲ್ಲಿ ಅಂಟಿಸಿದ್ದ ನಗದ ಫೋಟೋದ ಸುತ್ತ ಹೆಡ್‌ಮಾಸ್ತರು ದುಂಡಗೆ ಒಂದು ಕೆಂಪು ಸುತ್ತು ಎಳೆದರು.