ಮನ್ಮಥಪ್ಪನವರ ತಂಬಿಗೆ ರೈಲು ಹತ್ತಿದ್ದು

“ನಿದ್ದಿ ಅಂದ್ರ ಏನ್ ತಿಳದೀ? ಕಣ್ಣ ಮುಚ್ಚಿದ್ರ ಉದಗೀರ, ತೆರದ್ರ ಕಲ್ಯಾಣ! ನಡುವ ಏನೇನಾಯ್ತು ಅಂತ ನನ್ನ ಕೇಳಬ್ಯಾಡ!”

ಸಾಸ್ತೂರಿನ ಮನ್ಮಥಪ್ಪನವರು ಅಂಗಳದ ಬಯಲಿನಲ್ಲಿ, ತಮ್ಮ ಹೊರಸಿನ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಈ ಘೋಷಣೆ ಮಾಡಿದರು. ಆ ಹೊರಸಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಕಲ್ಲಿನ ಚಕ್ಕೆ ಇಟ್ಟು ಅದು ಒಂದಿಷ್ಟೂ ಅಲ್ಲಾಡದಂತೆ ಅವರೇ ಬಂದೋಬಸ್ತು ಮಾಡಿದ್ದರು. ಹೊಸ್ತಿಲ ಒಳಗೆ ಜೋಳ ಹಸನು ಮಾಡುತ್ತಿದ್ದ ಮುಕ್ತಾಬಾಯಿ ಮೊರ ನಿಲ್ಲಿಸಿ ಗಂಡನನ್ನು ನೋಡಿದರು.

“ಖರೇನ? ರೈಲಿಗಿ ಮ್ಯಾಲ ಛತ್ತ ಅದ ರೀ. ಕಬ್ಬಿಣದ್ದು. ಮತ್ತ ರಾತ್ರಿಯೆಲ್ಲ ಅಲ್ಲಾಡ್ತದ.”

“ಅಲ್ಲಾಡ್ಲಿ! ಯಾರಿಗಿ ಅಂಜಿಕಿ?”

“ಹಂಗಿದ್ರ ಮಾತ್ ಕೊಡ್ರಿ. ಅಲ್ಲಾಡೂ ಛತ್ತಿನ ಬುಡಕ ನಿದ್ದಿ ಮಾಡಿದ್ರ, ಮುಂದ ಅಲ್ಲಾಡ್ಲಾರದ ಛತ್ತಿನ ಬುಡಕ ಮಲಗಬೇಕು. ನಮ್ಮ ಮನ್ಯಾಗ. ಒಳಗ.”

ಮನ್ಮಥಪ್ಪನವರ ಮೀಸೆ ತುಸು ಇಳಿಯಿತು. ಆದರೆ ಓಣಿಯ ಜನ ಕೇಳಿಸಿಕೊಂಡಾಗಿತ್ತು. “ಕೊಟ್ಟೆ ತಗೋ!” ಎಂದರು.

ವಿಷಯ ಇಷ್ಟು. ಭೂಕಂಪವಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆ ಬೆಳಗಿನ ಜಾವ ಹಳೆಯ ಮಾಳಿಗೆ ಕುಸಿದಾಗ ಮನ್ಮಥಪ್ಪನವರು ಕಲ್ಲುಮಣ್ಣನ್ನು ಬರಿಗೈಯಲ್ಲಿ ಬಗೆದು ಹೆಂಡತಿಯನ್ನೂ ಸಣ್ಣ ಮಗ ಪಂಡಿತನನ್ನೂ ಹೊರಗೆ ಎಳೆದಿದ್ದರು. ಆಮೇಲೆ ಊರು ಹೊಸ ಜಾಗದಲ್ಲಿ ಎದ್ದಿತು, ಗಟ್ಟಿ ಮನೆ ಸಿಕ್ಕಿತು, ಎಲ್ಲರೂ ಒಳಗೆ ಹೋದರು. ಇವರು ಮಾತ್ರ ಹೋಗಲಿಲ್ಲ! ಬೇಸಿಗೆಯಲ್ಲಿ ಕೇಳಿದರೆ “ಒಳಗ ಶಕಿ” ಅನ್ನುವರು. ಚಳಿಯಲ್ಲಿ ಕೇಳಿದರೆ “ಕಳ್ಳಕಾಕರ ಕಾಲ, ಅಂಗಳಕ್ಕ ಗಂಡಸು ಬೇಕು” ಅನ್ನುವರು. ಮಳೆಗಾಲದಲ್ಲಿ ಹೊರಸನ್ನು ದನದ ಕೊಟ್ಟಿಗೆಯ ತಗಡಿನ ಕೆಳಗೆ ಎಳೆದುಕೊಂಡು “ಎಮ್ಮಿ ಈಯೂದದ” ಅನ್ನುವರು. ಇಪ್ಪತ್ತು ಮಳೆಗಾಲವೂ ಆ ಎಮ್ಮೆ ಈಯುವುದರಲ್ಲೇ ಇತ್ತು!

ಹೊರಸಿನ ಪಕ್ಕ ಇನ್ನೊಂದು ವ್ಯವಸ್ಥೆ. ನೆಲದ ಮೇಲೆ ಒಂದು ಖಾಲಿ ಸೀಸೆ, ಸೀಸೆಯ ಬಾಯಿಗೆ ಬೋರಲು ಹಾಕಿದ ಹಿತ್ತಾಳೆಯ ತಂಬಿಗೆ. ಭೂಮಿ ಚೂರು ನಡುಗಿದರೂ ತಂಬಿಗೆ ಬಿದ್ದು ಠಣ್ ಅನ್ನಬೇಕು, ಮಲಗಿದವರು ಏಳಬೇಕು. ಭೂಕಂಪದ ಹೊಸತರಲ್ಲಿ ಓಣಿಯವರೆಲ್ಲ ಇಡುತ್ತಿದ್ದರು, ಬರಬರುತ್ತ ಬಿಟ್ಟರು. ಮನ್ಮಥಪ್ಪನವರಿಗೆ ಮಾತ್ರ ತಂಬಿಗೆ ನೆಟ್ಟಗೆ ನಿಂತಿದೆ ಎಂದು ನೋಡಿಕೊಳ್ಳದೆ ರೆಪ್ಪೆ ಕೂಡುತ್ತಿರಲಿಲ್ಲ. ಒಮ್ಮೆ ಬೆಕ್ಕು ಅದನ್ನು ಕೆಡವಿ, ಇವರು ಊರಾಚೆಯ ಮಾಕಣಿ ದಾರಿಯವರೆಗೂ ಓಡಿದ್ದರು. “ಬೈಲಾಗ ಮಲಗಿದವ್ರು ಓಡಿ ಎಲ್ಲಿಗಿ ಹೊಂಟಿದ್ರಿ?” ಎಂದು ಮುಕ್ತಾಬಾಯಿ ಕೇಳಿದ್ದಕ್ಕೆ ಇವರು ಬೆಕ್ಕಿಗೆ ಬೈದಿದ್ದರು.

ಈಗ ಪಂಡಿತನಿಗೆ ಗಂಡು ಕೂಸು ಹುಟ್ಟಿತ್ತು. ಸೊಸೆ ಮೀನಲಳ ತವರಾದ, ಪುಣೆಯಾಚೆಯ ಕಲ್ಯಾಣದಲ್ಲಿ ತೊಟ್ಟಿಲ ಕಾರ್ಯ. ಪಂಡಿತ ಮುಂಚೆಯೇ ಹೋಗಿದ್ದ. ಇನ್ನು ಕೆಲವು ದಿನಕ್ಕೆ ಬಾಣಂತಿ, ಕೂಸು ಇಬ್ಬರೂ ಸಾಸ್ತೂರಿಗೇ ಬರುವವರು. “ಮೊಮ್ಮಗ ಒಳಗ, ಅಜ್ಜ ಹೊರಗ! ನಾಳಿ ಅದು ‘ಅಜ್ಜ ಯಾಕ ಒಳಗ ಬರಂಗಿಲ್ಲ’ ಅಂದ್ರ ಎಮ್ಮಿ ತೋರಿಸ್ಲ್ಯಾ?” ಎಂದು ಹೆಂಡತಿ ಕೇಳಿದಾಗ ಮನ್ಮಥಪ್ಪನವರಿಗೆ ಎದೆಯೊಳಗೆ ಚುರ್ ಎಂದಿತ್ತು. ಮೊಮ್ಮಗನನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಆಸೆ ಅವರಿಗೆ ಬಹಳ. ಆ ಆಸೆಯೇ ಇಷ್ಟು ದೊಡ್ಡ ಮಾತು ಆಡಿಸಿತ್ತು.

ಸರಿ, ಸುಖಪ್ರಯಾಣದ ಸಿದ್ಧತೆ ಸುರುವಾಯಿತು. “ಲಾತೂರಾಗ ಹತ್ತಿದ್ರ ಗದ್ದಲ. ಉದಗೀರಕ್ಕ ಹೋಗಿ ಹತ್ತಬೇಕು. ಲಾತೂರ ಬರೂದ್ರಾಗ ನನ್ನ ಗೊರಕಿ ಸುರು ಆಗಿರಬೇಕು!”

“ರಿಸರ್ವೇಶನ್ ಅದ ಅಲ್ರೀ?”

“ಸೀಟಿಗಿ ರಿಸರ್ವೇಶನ್ ಅದ. ನಿದ್ದಿಗಿ ಎಲ್ಲಿ ಅದ?”

ಹಾಗೆ ಉಲ್ಟಾ ದಿಕ್ಕಿಗೆ ನಿಲಂಗಾದವರೆಗೆ ಒಂದು ಬಸ್ಸು, ಅಲ್ಲಿಂದ ಉದಗೀರಕ್ಕೆ ಇನ್ನೊಂದು ಬಸ್ಸು ಹಿಡಿದು, ಮೈಯ ಮೂಳೆಗಳನ್ನೆಲ್ಲ ಎಣಿಸಿಕೊಳ್ಳುತ್ತ ಸಂಜೆ ಸ್ಟೇಶನ್ ಮುಟ್ಟಿದರು. ಜೊತೆಗೆ ಎರಡು ಕೌದಿ, ತಲೆದಿಂಬು, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಣಂತಿಗೆ ಅಂಟಿನುಂಡೆ. ಇವೆಲ್ಲ ಮುಕ್ತಾಬಾಯಿಗೆ ಗೊತ್ತಿದ್ದ ಸಾಮಾನು.

ಗೊತ್ತಿಲ್ಲದ ಸಾಮಾನು, ಗಾಡಿ ಬಿಟ್ಟ ಸ್ವಲ್ಪ ಹೊತ್ತಿಗೇ ಬಯಲಾಯಿತು. ಠಣ್!

“ಅಯ್ಯ ಇವ್ನ! ಇದನ್ನೂ ತಂದ್ರಿ?”

ಕಿಟಕಿಯ ಬಳಿಯ ಪುಟ್ಟ ಮೇಜಿನ ಮೇಲೆ ಸೀಸೆ, ಕೆಳಗೆ ಹೊರಳಾಡುತ್ತಿದ್ದ ತಂಬಿಗೆ! ಮನ್ಮಥಪ್ಪನವರು ಅದನ್ನು ಎತ್ತಿಕೊಳ್ಳುತ್ತ, “ತಂಬಿಗಿ ತರಬಾರ್ದು ಅಂತ ಮಾತಾಗಿದ್ದಿಲ್ಲ!” ಎಂದರು. ಮತ್ತೆ ಇಟ್ಟರು. ಮತ್ತೆ ಠಣ್!

ಎದುರು ಸೀಟಿನಲ್ಲಿ ಉದಗೀರದ ಭಾಂಡೆ ಅಂಗಡಿಯ ಗುರುಲಿಂಗ ಕೂತಿದ್ದರು. ಹುಟ್ಟಿದಾಗಿನಿಂದ ಪಾತ್ರೆಯ ಮೇಲೆ ಪಾತ್ರೆ ಇಡುತ್ತ ಬಂದ ಮನುಷ್ಯ. ಅವರಿಗೆ ತಡೆದುಕೊಳ್ಳಲಾಗಲಿಲ್ಲ. “ಏನ್ ನಡಸೀರಿ ಕಾಕಾ? ಏನರೆ ಪೂಜಾ ಏನು?”

ಮುಕ್ತಾಬಾಯಿ ಎಲ್ಲವನ್ನೂ ಹೇಳಿಬಿಟ್ಟರು. ಎಮ್ಮೆಯದನ್ನೂ ಬಿಡಲಿಲ್ಲ. ಗುರುಲಿಂಗರ ಪಕ್ಕದಲ್ಲಿ ನಿಲಂಗಾದ ಪ್ರಯಾಗಬಾಯಿ ಎಂಬ ಮುದುಕಿ ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, “ಅಗಬಾಯ್! ತಂಬಿಗಿ ನಿಂತ್ರ ನಿದ್ದಿ ಬರ್ತದ? ಹಂಗಾರ ನಿಂದ್ರಸೂಣು!” ಎಂದು ಸೆರಗು ಬಿಗಿದರು.

ಇನ್ನು ಕೇಳಬೇಕೇ! ಇಡೀ ಡಬ್ಬಿಗೆ ಅದೇ ಕುತೂಹಲ: ಓಡುವ ಗಾಡಿಯಲ್ಲಿ ಸೀಸೆಯ ಮೇಲೆ ತಂಬಿಗೆ ನಿಂತೀತೋ ಇಲ್ಲವೋ? ಮೊದಲು ಸೀಸೆಯ ಕೆಳಗೆ ಟವೆಲ್ ಮಡಿಸಿ ಇಟ್ಟರು. ಠಣ್! ಸೀಸೆಗೆ ನೀರು ತುಂಬಿ ಭಾರ ಮಾಡಿದರು. ಠಣ್, ಜೊತೆಗೆ ಗುರುಲಿಂಗರ ಪಂಚೆ ಒದ್ದೆ! ಪ್ರಯಾಗಬಾಯಿ ಅಂಟಿನುಂಡೆಯೊಂದನ್ನು ಹಿಸುಕಿ ಸೀಸೆಯ ಬಾಯಿಗೆ ಮೆತ್ತಿದರು. ಅಂಟು ಹೆಸರಿಗಷ್ಟೇ, ಒಳಗೆಲ್ಲ ತುಪ್ಪ. ತಂಬಿಗೆ ಜಾರಿ ಸೀದಾ ಮುದುಕಿಯ ಮಡಿಲಿಗೆ ಬಂತು. ಅತ್ತ ಬಾಗಿಲ ಕಡೆಯಿಂದಲೂ ಜನ ಬಂದು ಇಣುಕತೊಡಗಿದರು. “ಸಂಡಾಸದಾಗ ನೀರ್ ಇಲ್ಲಾಂದ್ರ ಒಬ್ಬರೂ ಬರಂಗಿಲ್ಲ, ತಂಬಿಗಿ ನೋಡ್ಲಿಕ್ಕಿ ಎಲ್ಲಾರೂ ಬಂದಾರ!” ಎಂದರು ಮುಕ್ತಾಬಾಯಿ.

ಕೊನೆಗೆ ಗುರುಲಿಂಗರಿಗೆ ಛಲ ಹುಟ್ಟಿತು. ತಮ್ಮ ಚೀಲದ ಸುತಳಿ ಬಿಚ್ಚಿ, ತಂಬಿಗೆಯನ್ನು ಸೀಸೆಯ ಕೊರಳಿಗೆ ಬಿಗಿದು, ಸೀಸೆಯನ್ನು ಕಿಟಕಿಯ ಸರಳಿಗೆ ಕಟ್ಟಿದರು. “ನೋಡ್ರಿ! ಈಗ ಭೂಮಿ ಬಾಯ್ ಬಿಟ್ರೂ ಬೀಳಂಗಿಲ್ಲ!”

ಸುತ್ತಲಿನವರು ಭಲೆ ಎಂದರು. ಮನ್ಮಥಪ್ಪನವರು ಮಾತ್ರ ಮುಖ ಸಣ್ಣಗೆ ಮಾಡಿಕೊಂಡು ಕೇಳಿದರು: “ಬೀಳಂಗಿಲ್ಲ ಖರೆ. ಬೀಳದಿದ್ರ ನನಗ ಗೊತ್ತಾಗೂದು ಹ್ಯಾಂಗ್ರಿ?”

ಮನ್ಮಥಪ್ಪನವರು ಮೇಲೆ ಛಾವಣಿ ನೋಡಿದರು, ಹೆಂಡತಿಯನ್ನು ನೋಡಿದರು. “ನಂದೇನ್ ಹೋಗ್ತದ್ರಿ? ಆವತ್ತ ಈಕಿ ಮಣ್ಣಾಗ ಹೋಗಿದ್ಳು. ಒಂದ್ ಕೈ ಅಷ್ಟ ಕಾಣಸ್ತಿತ್ತು. ಮತ್ತೊಮ್ಮಿ ನಾ ನಿದ್ದಿಯಾಗಿದ್ರ?” ಎಂದರು. ಆಗ ಮುಕ್ತಾಬಾಯಿಗೂ ಚೇಷ್ಟೆ ಮಾಡಲು ಮನಸ್ಸಾಗಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ಕಿಟಕಿಯ ಗಾಳಿಯ ಮೇಲೆ ಹಾಕಿದರು.

ಪ್ರಯಾಗಬಾಯಿ ಸುತಳಿ ಬಿಚ್ಚಿ ತಂಬಿಗೆಯನ್ನು ಕೈಗೆ ತೆಗೆದುಕೊಂಡರು. “ಹೇ ಬಘಾ, ಇಲ್ಲಿ ನೋಡು ತಮ್ಮಾ, ಮನಿ ಅಲ್ಲಾಡಿದ್ರ ಅಂಜಬೇಕು. ಗಾಡಿ ಅಲ್ಲಾಡ್ಲಿಲ್ಲಂದ್ರ ಅಂಜಬೇಕು! ಗಾಡಿ ನಿಂತ್ರ ತಾನೇ ಏನರೆ ಆಗ್ಯಾದ ಅನ್ನೂದು?” ಎಂದು ತಂಬಿಗೆಯನ್ನು ಸೀಟಿನ ಕೆಳಗೆ ಎರಡು ಚೀಲಗಳ ನಡುವೆ ಅಡ್ಡ ಮಲಗಿಸಿದರು. ಅದು ಗಾಡಿಯ ಓಲಾಟಕ್ಕೆ ಆಚೆಗೊಮ್ಮೆ ಈಚೆಗೊಮ್ಮೆ ಗಡಗಡ ಉರುಳತೊಡಗಿತು. “ಇದು ಉರುಳೂತನಕ ಎಲ್ಲಾ ಚಂದ ಅದ ಅಂತ ತಿಳಕೊ. ಸದ್ದ ನಿಂತ್ರ ಏಳು.”

ಮನ್ಮಥಪ್ಪನವರು ಕಿವಿಗೊಟ್ಟು ಕೇಳಿದರು. ಗಡಗಡ, ಗಡಗಡ. ಹೌದಲ್ಲ! ಇಷ್ಟು ದಿನ ಬೀಳುವ ತಂಬಿಗೆಯನ್ನು ಕಾಯ್ದದ್ದಾಯಿತು, ಇದು ಮೊದಲೇ ಬಿದ್ದ ತಂಬಿಗೆ. ಇನ್ನು ಬೀಳುವುದು ಏನಿದೆ? ಕೌದಿ ಹೊದ್ದು ಅಡ್ಡಾದರು. ಲಾತೂರ ಬರುವಷ್ಟರಲ್ಲಿ ಗೊರಕೆ ಸುರುವಾಗಿತ್ತು!

ಬೆಳಿಗ್ಗೆ ಕಲ್ಯಾಣ ಹತ್ತಿರ ಬಂದಾಗ ಮನ್ಮಥಪ್ಪನವರು ಮೈಮುರಿದು ಎದ್ದರು. “ಹ್ಯಾಂಗ? ಹೇಳಿದ್ದಿಲ್ಲ ನಾ? ಕಣ್ಣ ಮುಚ್ಚಿದ್ರ ಉದಗೀರ!” ಸುತ್ತ ನೋಡಿದರೆ ಗುರುಲಿಂಗರ ಕಣ್ಣು ಕೆಂಡ, ಪ್ರಯಾಗಬಾಯಿ ಪುಣೆಯಲ್ಲಿ ಇಳಿದೇ ಹೋಗಿದ್ದರು. “ಗಾಡಿ ನಿಂತಾಗೊಮ್ಮಿ ಎದ್ದ್ ಕೂತು ‘ಯಾವ ಸ್ಟೇಶನ್ ಬಂತ?’ ಅಂತ ಒದರೀರಿ. ಕುರ್ಡುವಾಡ್ಯಾಗ ಒದರೀರಿ, ದೌಂಡದಾಗ ಒದರೀರಿ, ಸಿಗ್ನಲ್ಲಿಗಿ ನಿಂತ್ರೂ ಒದರೀರಿ!” ಎಂದರು ಮುಕ್ತಾಬಾಯಿ. “ನಾವೆಲ್ಲಾ ನಿಮಗ ಹೆಸರ್ ಹೇಳ್ಕೋತ ಕೂತೀವಿ. ಹೇಳಿದ ಮ್ಯಾಲ ಧಡ್ ಅಂತ ಮಲಗೂದು!”

“ಮಲಗಿದೆ ಹೌದಲ್ಲ? ಮಾತ್ ಗೆದ್ದೆ!”

“ಗೆದ್ರಿ. ಅದಕ್ಕ ಇನ್ನ ಮನಿಯೊಳಗ ನಡೀರಿ.”

ಗೆದ್ದವರು ಸೋತದ್ದು ಆಗ ಅವರಿಗೇ ಹೊಳೆಯಿತು.

ತೊಟ್ಟಿಲ ಕಾರ್ಯವಾಯಿತು, ದಿನ ಕಳೆದು ಮೀನಲ ಕೂಸಿನೊಂದಿಗೆ ಸಾಸ್ತೂರಿಗೆ ಬಂದಳು. ಪಡಸಾಲೆಯಲ್ಲಿ ತೊಟ್ಟಿಲು ತೂಗುಬಿತ್ತು. ಮನ್ಮಥಪ್ಪನವರು ಕೊಟ್ಟ ಮಾತಿಗೆ ಹೊರಸು ಹೊತ್ತು ಹೊಸ್ತಿಲು ದಾಟಿದರು! ಓಣಿಯವರು ಹಬ್ಬದಂತೆ ನಿಂತು ನೋಡಿದರು. ತೊಟ್ಟಿಲ ಪಕ್ಕದಲ್ಲೇ ಹೊರಸು ಹಾಕಿ, ಗಿಡ್ಡ ಕಾಲಿಗೆ ಕಲ್ಲಿನ ಚಕ್ಕೆ ಕೊಟ್ಟು, ಸೀಸೆಯ ಮೇಲೆ ತಂಬಿಗೆ ನಿಲ್ಲಿಸಿ ಮಲಗಿದರು. ಕೂಸು ಮಲಗಿತು. ಸೊಸೆ ಮಲಗಿದಳು. ಇವರು ಮಾತ್ರ ಹೊರಳಿದರು, ಕೆಮ್ಮಿದರು, ಎದ್ದು ಕೂತರು.

“ಮತ್ತೇನ್ರಿ? ಅಂಜಿಕಿ ಬರ್ತದೇನು?” ತೊಟ್ಟಿಲು ತೂಗುತ್ತಿದ್ದ ಮುಕ್ತಾಬಾಯಿ ಮೆಲ್ಲಗೆ ಕೇಳಿದರು.

“ಅಂಜಿಕಿ ಅಲ್ಲ ಪಂಡಿತನ ಅವ್ವ…” ಮನ್ಮಥಪ್ಪನವರು ನಾಚಿಕೊಂಡು ದನಿ ತಗ್ಗಿಸಿದರು. “ಈ ಮನಿ… ಒಂದೀಟರೆ ಅಲ್ಲಾಡವಲ್ದು. ನಿದ್ದಿ ಹ್ಯಾಂಗ ಬರಬೇಕು?”

ಮುಕ್ತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಎದ್ದು ತಂಬಿಗೆಯನ್ನು ಒಯ್ದು ನೀರು ತುಂಬಿ ಅಡುಗೆಮನೆಯಲ್ಲಿಟ್ಟರು. ಹೊರಸಿನ ಕಾಲ ಕೆಳಗಿನ ಚಕ್ಕೆ ಕಿತ್ತು ಎಸೆದರು. ಆ ಕಾಲಿಗೆ ಹಳೆ ಸೀರೆಯ ತುದಿ ಕಟ್ಟಿ, ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದು ಕೈಯಲ್ಲಿ ಸೀರೆ ಹಿಡಿದು ಎರಡನ್ನೂ ಜಗ್ಗುತ್ತ ಕೂತರು. ತೊಟ್ಟಿಲು ಕಿರ್ ಕಿರ್, ಹೊರಸು ಕಟಕಟ. ಅಜ್ಜನ ಗೊರಕೆ ಹೊರಟಿತು.

ಮುಕ್ತಾಬಾಯಿಗೂ ತೂಕಡಿಕೆ ಬಂದು ಎರಡು ಕೈಯೂ ನಿಂತವು. ಕೂಸು ಮಿಸುಕಲಿಲ್ಲ. ಹೊರಸಿನ ಮೇಲೆ ಮಾತ್ರ ಒಬ್ಬರು ಧಡಕ್ಕನೆ ಎದ್ದು ಕೂತರು.

“ಯಾವ ಸ್ಟೇಶನ್ ಬಂತ?”

“ಸಾಸ್ತೂರ ಬಂತ್ ನೋಡ್ರಿ!” ಎಂದರು ಮುಕ್ತಾಬಾಯಿ. “ಇನ್ನ ಗಾಡಿ ಮುಂದ ಹೋಗಂಗಿಲ್ಲ. ಸುಮ್ಮ ಮಲ್ಕೋರಿ.”