ಡಬ್ಬಿಗೆ ಒಂದನೇ ನಂಬರು

ಯಂತ್ರಕ್ಕೆ ನಂಬರು ಕೊಡುವುದು ಸುಲಭ, ಅದು ಯಾಕೆಂದು ಕೇಳುವುದಿಲ್ಲ. ಕೇಳುವವರು ಸುತ್ತ ನಿಂತಿರುತ್ತಾರೆ. ಹಾಗಾಗಿ ನಮ್ಮ ಕೆಲಸದಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ.

ಎರಡು ಸಾವಿರದ ಏಳರ ಸುಮಾರಿಗೆ ಚಿಕ್ಕೋಡಿಯಲ್ಲಿ ರೂಟರ್ ಕೂರಿಸುವ ಕಂಪನಿಯೊಂದಕ್ಕೆ ಸೇರಿದೆ. ರೂಟರ್ ಎಂದರೆ ಕೇಬಲ್ ಸಿಕ್ಕಿಸುವ ತೂತುಗಳಿರುವ ಡಬ್ಬಿ. ಪ್ರತಿ ತೂತಿಗೂ, ಅದರ ಆಚೆಗಿನ ಪ್ರತಿ ಕಂಪ್ಯೂಟರಿಗೂ ಮನೆ ನಂಬರಿನಂತೆ ಒಂದೊಂದು ಐಪಿ ವಿಳಾಸ, ಅಂದರೆ ನಡುನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆ, ಕೊಡಬೇಕು. ಮೂರು ಕಡೆಯಿಂದ ‘ಕೆಲಸ ತೃಪ್ತಿಕರ’ ಎಂದು ಪತ್ರ ತಂದರೆ ನನ್ನ ನೌಕರಿ ಕಾಯಂ, ಇಲ್ಲದಿದ್ದರೆ ಮನೆ.

೧

ಮೊದಲನೆಯದು ಕುಡಚಿಯ ಒಂದು ದೊಡ್ಡ ಅಂಗಡಿ. ಮಾಲೀಕರು ವಯಸ್ಸಾದವರು.

“ನಮ್ಮ ಕಂಪ್ಯೂಟರಿಗೆ ೭೮೬ ಹಾಕ್ರಿ. ನಮಗ ಶುಭದ ನಂಬರು. ಗಾಡಿದೂ ಅದ, ಫೋನಿಂದೂ ಅದ.”

“ಇದರಾಗ ೨೫೫ರ ಮ್ಯಾಲ ಅಂಕಿ ಹೋಗಂಗಿಲ್ರಿ ಚಾಚಾ.”

“ಯಾರ ಮಾಡಿದ ಕಾಯ್ದೆ ಇದು?”

“ಅಮೆರಿಕಾದವರು.”

“ಫೋನ್ ಹಚ್ಚಿಕೊಡ್ರಿ, ನಾ ಮಾತಾಡ್ತೀನಿ.”

ಫೋನಿನ ಬದಲು ವಿಳಾಸದ ಕೊನೆಗೆ ೭ ಬರೆದು, ಚುಕ್ಕಿ ಇಟ್ಟು, ೮೬ ಬರೆದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ನಡುವ ಚುಕ್ಕಿ ಐತಲ್ಲ?”

ನಾನು ಪತ್ರವನ್ನು ಮುಂದೆ ಚಾಚಿದೆ. ಅವರೇ ಸಹಿ ಹಾಕುತ್ತ ಹೇಳಿದರು: “ಇರಲಿ ಬಿಡ್ರಿ. ದೃಷ್ಟಿಬೊಟ್ಟು ಆತು, ನಜರ್ ತಾಗಂಗಿಲ್ಲ.”

೨

ಅಥಣಿಯ ಕಚೇರಿಯೊಂದರಲ್ಲಿ ರೂಟರ್ ಹಾಕಿ ಬಂದು, ಪತ್ರಕ್ಕೆಂದು ಮರುದಿನ ಹೋದರೆ ಏನೂ ನಡೆಯುತ್ತಿಲ್ಲ. ಹಿರಿಯ ಗುಮಾಸ್ತರು ಧೂಳು ಒರೆಸುವಾಗ ಕೇಬಲ್‌ಗಳನ್ನೆಲ್ಲ ಕಿತ್ತು, ಬಣ್ಣ ಹೊಂದುವಂತೆ ಚೆಂದಗೆ ಮರಳಿ ಸಿಕ್ಕಿಸಿದ್ದರು.

“ಒಂದೊಂದು ತೂತಿಗೆ ಒಂದೊಂದು ವಿಳಾಸ ಐತ್ರಿ. ಅದಲಬದಲ ಮಾಡಬಾರದು,” ಎಂದೆ.

“ಎಲ್ಲಾ ಒಂದ ಅಳತಿ ಅದಾವಲ್ರಿ?”

“ನಿಮ್ಮ ಓಣ್ಯಾಗ ಬಾಗಲಾ ಎಲ್ಲಾ ಒಂದ ಅಳತಿ ಇದ್ರ, ಯಾರ ಮನಿಗರೆ ಹೊಕ್ಕೀರೇನು?”

ಗುಮಾಸ್ತರು ಪ್ರಾಮಾಣಿಕವಾಗಿ ಯೋಚಿಸಿದರು. “ಊಟದ ಹೊತ್ತಾಗಿದ್ರ ಹೊಕ್ಕೀನ್ರಿ.”

ಕೇಬಲ್‌ಗಳನ್ನು ಸರಿಪಡಿಸಿ ಎರಡನೆಯ ಪತ್ರ ಪಡೆದೆ.

೩

ಕೊನೆಯದು ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಪದ್ಧತಿಯಂತೆ ರೂಟರಿನ ತೂತಿಗೆ ಒಂದನೇ ನಂಬರು, ಮ್ಯಾನೇಜರ ಕಂಪ್ಯೂಟರಿಗೆ ಎರಡನೇದು ಕೊಟ್ಟೆ.

ಮ್ಯಾನೇಜರ್ ಸಾಹೇಬರು ಪಟ್ಟಿ ನೋಡಿದರು. “ಈ ಡಬ್ಬಿ ನನಗಿಂತ ಸೀನಿಯರ್ ಏನ್ರಿ?”

“ಹಂಗಲ್ರಿ ಸಾಹೇಬ್ರ, ಎಲ್ಲಾರೂ ಇದರ ಮೂಲಕ ಹೋಗಬೇಕು.”

“ಇಲ್ಲಿ ಎಲ್ಲಾರೂ ನನ್ನ ಮೂಲಕ ಹೋಗಬೇಕು.”

ನಾನು ಚಹಾಕ್ಕೆ ಹೋದಾಗ ಅವರೇ ತಮ್ಮ ಕಂಪ್ಯೂಟರಿಗೆ ಒಂದನೇ ನಂಬರು ಹಾಕಿಕೊಂಡರು. ಒಂದೇ ನಂಬರಿಗೆ ಇಬ್ಬರು ಧಣಿಗಳಾದರು. ಕಚೇರಿ ನಿಂತಿತು, ಕಬ್ಬು ತೂಗುವ ಕಾಟಾ ನಿಂತಿತು, ಹೊರಗೆ ಟ್ರ್ಯಾಕ್ಟರ್‌ಗಳ ಸಾಲು ರಸ್ತೆಗೆ ಬಂತು. ನಾನು ಕೇಬಲ್ ಒಂದೊಂದೇ ಹಿಡಿದು ನೋಡುತ್ತಿದ್ದಾಗ ಸಿಪಾಯಿ ಬಂದು ಕಿವಿಯಲ್ಲಿ ಹೇಳಿದ:

“ಸಾಹೇಬ್ರು ತಮ್ಮ ಕಂಪ್ಯೂಟರ್ ಬಂದ್ ಮಾಡಿ ಊಟಕ್ಕ ಹೋಗ್ಯಾರ. ಎಲ್ಲಾ ಚಾಲೂ ಆಗೇತಿ.”

“ಅವರಿಂದನ ಎಲ್ಲಾ ನಿಂತಿತ್ತು ಅಂತ ಅವರಿಗೆ ಹೆಂಗ ಹೇಳೂದೋ?”

“ನಾವೂ ಇಪ್ಪತ್ತು ವರ್ಷದಿಂದ ಅದನ್ನ ವಿಚಾರ ಮಾಡಾಕತ್ತೀವಿ.”

ಅವರು ಮರಳುವುದರೊಳಗೆ ರೂಟರಿಗೆ ೨೫೪ ಕೊಟ್ಟು, ಇನ್ನು ಆ ನಂಬರಿನ ಮೂಲಕ ಹೋಗುವಂತೆ ಎಲ್ಲ ಕಂಪ್ಯೂಟರ್‌ಗಳಿಗೂ ತಿಳಿಸಿದೆ. ಒಂದನೇ ನಂಬರು ಸಾಹೇಬರಿಗೇ ಉಳಿಯಿತು. ಅವರು ಕಂಪ್ಯೂಟರ್ ಹಚ್ಚಿದರೂ ಕಾಟಾ ನಿಲ್ಲಲಿಲ್ಲ.

“ಡಬ್ಬಿ ಎಷ್ಟನೇದು ಈಗ?”

“ಇನ್ನೂರಾ ಐವತ್ನಾಕ್ರಿ. ಎಲ್ಲಾರಕಿಂತ ಕೆಳಗ.”

ಸಾಹೇಬರು ಪೆನ್ನು ತೆಗೆದು ತಾವೇ ಪತ್ರ ಬರೆದುಕೊಟ್ಟರು. ನನ್ನ ನೌಕರಿ ಕಾಯಂ ಮಾಡಿದ ಆ ಪತ್ರದಲ್ಲಿ ಇದ್ದದ್ದು ಎರಡೇ ಸಾಲು: “ಕೆಲಸ ತೃಪ್ತಿಕರ. ಯಂತ್ರಕ್ಕೆ ಅದರ ಸ್ಥಾನವನ್ನು ತಿಳಿಸಲಾಗಿದೆ.”