ಮಾವನ ಚೆಂಡಿಯಾ, ನನ್ನ ಯುದ್ಧನೌಕೆ

ಅಂದು ಸಂಜೆ ಕಾರವಾರದ ಪಕ್ಕದ ಶಿರವಾಡದ ನಮ್ಮ ಮನೆಯ ಜಗುಲಿಯಲ್ಲಿ ಇದ್ದವರು ಮೂವರು. ಆರಾಮಕುರ್ಚಿಯಲ್ಲಿ ನನ್ನ ಮಾವ. ಮೆಟ್ಟಿಲ ಮೇಲೆ ಸಿಗಡಿ ಸುಲಿಯುತ್ತ ಅವರ ಮಗಳು, ಅಂದರೆ ನನ್ನ ಹೆಂಡತಿ ಸುಮಿತ್ರಾ. ನೆಲದಲ್ಲಿ ಚಾಪೆ ಹಾಸಿ, ಸುತ್ತಲೂ ಪುಸ್ತಕಗಳ ಕೋಟೆ ಕಟ್ಟಿಕೊಂಡು, ಒಳಗೆ ಸುರಕ್ಷಿತವಾಗಿ ಕುಳಿತ ನಾನು.

ಚಿತ್ರಗಳಿರುವ ಯುದ್ಧದ ಇತಿಹಾಸ ಪುಸ್ತಕಗಳನ್ನು ಕೂಡಿಸುವುದು ನನ್ನ ಹುಚ್ಚು. ಹೊಳೆಯುವ ದಪ್ಪ ಕಾಗದ, ಅದರ ವಾಸನೆ, ಸೈನಿಕನ ಅಂಗಿಯ ಗುಂಡಿಯವರೆಗೂ ಬಿಡಿಸಿದ ಬಣ್ಣದ ಚಿತ್ರ, ಹಲಸಿನ ಹಣ್ಣಿನಂತೆ ಉದ್ದಕ್ಕೆ ಸೀಳಿ ಒಳಗಿನ ಅಡುಗೆಮನೆಯನ್ನೂ ಮದ್ದಿನ ಕೋಣೆಯನ್ನೂ ತೋರಿಸುವ ಹಡಗು. ಆಹಾ! ಬೆಳಿಗ್ಗೆ ಕೈಗಾ ಬಸ್ಸಿನಲ್ಲಿ ಸಹೋದ್ಯೋಗಿಗಳೆಲ್ಲ ಬಾಯಿ ತೆರೆದು ನಿದ್ದೆ ಹೊಡೆಯುವಾಗ ನಾನೊಬ್ಬನೇ ಯಾವುದೋ ಮರುಭೂಮಿಯಲ್ಲಿ ಟ್ಯಾಂಕು ನಡೆಸುತ್ತಿರುತ್ತೇನೆ. ನಿಜಜೀವನದಲ್ಲಿ ನನಗೆ ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಲೂ ಇನ್ನೊಬ್ಬರು ಬೇಕು.

ಮಾವ ಕಡಲತಡಿಯ ಚೆಂಡಿಯಾ ಊರಿನವರು. ಅವರ ಮನೆ, ಗದ್ದೆ, ಬಾವಿ ಎಲ್ಲವೂ ನೌಕಾನೆಲೆಗೆ ಹೋದವು. ಇಂಥ ಮಾವನ ಎದುರು ಯುದ್ಧನೌಕೆಗಳ ಪುಸ್ತಕ ಹರವಿಕೊಂಡು ಚಪ್ಪರಿಸುವ ಅಳಿಯ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು!

"ಜಾಂವಯ್," ಎಂದರು ಮಾವ. ಕೊಂಕಣಿಯಲ್ಲಿ ಹಾಗೆಂದರೆ ಅಳಿಯ. ಅವರು ಅಳಿಯನನ್ನು ಬೈಯುವಾಗಲೂ ಬಹುವಚನ ಬಿಟ್ಟವರಲ್ಲ. "ಇಷ್ಟೆಲ್ಲ ಹಡಗು ಇಟ್ಕಂಡಿದ್ರಿ. ಒಂದ್ರ ಹಿಂದಾದ್ರೂ ನಮ್ಮನೆ ಕಾಣ್ತದ್ಯಾ ನೋಡಿ."

ನಾನು ನಕ್ಕೆ. ಅವರು ನಗಲಿಲ್ಲ.

"ಚೇಷ್ಟೆ ಅಲ್ಲ ಮಾರಾಯ್ರೆ. ಒಂದ್ಸಲ ಕಂಡ್ರೆ ಸಾಕಾಗಿತ್ತು."

ಸುಮಿತ್ರಾಳ ಕೈ ಸಿಗಡಿಯ ಮೇಲೆ ಹಾಗೇ ನಿಂತಿತು. ಮಾವನ ಹೃದಯ ಇನ್ನು ಹೆಚ್ಚು ದಿನ ಎಳೆಯುವುದಿಲ್ಲ ಎಂದು ಡಾಕ್ಟರು ನಮ್ಮಿಬ್ಬರಿಗೆ ಮಾತ್ರ ಹೇಳಿದ್ದರು. ಫೋನಿನಲ್ಲಿ ಆಕಾಶದಿಂದ ತೆಗೆದ ನಕ್ಷೆಯನ್ನು ಅವರಿಗೆ ಮೊದಲೇ ತೋರಿಸಿ ಆಗಿತ್ತು. ನೀಟಾದ ರಸ್ತೆ, ದೊಡ್ಡ ದೊಡ್ಡ ಚಾವಣಿ. "ಇದು ನಮ್ಮೂರು ಅಲ್ಲ, ನಮ್ಮೂರಿದ್ದ ಜಾಗ," ಎಂದು ಫೋನು ಹಿಂದಕ್ಕೆ ಕೊಟ್ಟಿದ್ದರು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಅಂಕೋಲೆಯ ನಾಯಕ ಮಾಸ್ತರರು! ನಿವೃತ್ತ ಇತಿಹಾಸ ಶಿಕ್ಷಕರು. ಎರಡು ತಾಲೂಕಿನಲ್ಲಿ ನನ್ನ ಹುಚ್ಚು ಇರುವ ಇನ್ನೊಬ್ಬರು. ಅವರ ಬಳಿ ಒಂದು ಹಳೆಯ ಪುಸ್ತಕವಿದೆ. ಅದರಲ್ಲಿ ಎರಡು ಪುಟದಗಲಕ್ಕೆ ಒಂದು ಬಣ್ಣದ ಫೋಟೋ: ನೆಲೆ ಬರುವ ಮೊದಲು ಚೆಂಡಿಯಾದ ಮುಂದೆ ನಿಂತ ಯುದ್ಧನೌಕೆ, ಅದರ ಹಿಂದೆ ಇಡೀ ದಡ.

"ನಾಳೆ ಸಂಜೆಯೊಳಗೆ ನಿಮ್ಮ ಮನೆ ನಿಮ್ಮ ತೊಡೆಯ ಮೇಲಿರುತ್ತದೆ!" ಎಂದು ಘೋಷಿಸಿದೆ.

"ನೀವು ತರೂದಾ?" ಎಂದಳು ಸುಮಿತ್ರಾ. "ಹಾಲು ತರೂಕೆ ಹೋಗಿ ಪೇಪರ್ ತಂದವ್ರು ನೀವು."

ಮಾಸ್ತರರು ಪುಸ್ತಕವನ್ನು ಸ್ವಂತ ಮಗನಿಗೂ ಮುಟ್ಟಗೊಡುವವರಲ್ಲ. ಮರುದಿನ ಬೆಳಿಗ್ಗೆಯೇ ಅಂಕೋಲೆಗೆ ಹೋಗಿ ವಿಷಯ ಹೇಳಿದೆ. ಅವರು ಕಪಾಟು ತೆರೆದು, ಆ ಪುಟ ಬಿಡಿಸಿ ನನ್ನ ಮುಂದಿಟ್ಟರು. ನಾನು ಕಣ್ತುಂಬ ನೋಡಿದೆ. ಎಂಥ ಹಡಗು! ಆಮೇಲೆ ಅವರು ಅದನ್ನು ಒಗೆದ ಪಂಚೆಯಲ್ಲಿ ಸುತ್ತಿ, ಹೆಣ್ಣು ಒಪ್ಪಿಸಿಕೊಡುವವರಂತೆ ಎರಡೂ ಕೈಯಲ್ಲಿ ಕೊಟ್ಟರು. "ಜಾಗ್ರತೆ. ಇದೊಂದೇ ಇರೂದು."

ಹೊರಡುವಾಗ ಮಾಸ್ತರರ ಹೆಂಡತಿ ಅಡ್ಡ ಬಂದರು. "ಬರಿಗೈಲಿ ಕಳ್ಸೂಕೆ ಆಗ್ತದ್ಯಾ? ಮಾವಂಗೆ ಕೊಡಿ," ಎಂದು ಒಂದು ಚೀಲ ಕರಿ ಇಶಾಡು ಮಾವಿನಹಣ್ಣು ಹಿಡಿಸಿದರು. ಮೇ ತಿಂಗಳಲ್ಲಿ ಅಂಕೋಲೆಗೆ ಹೋಗಿ ಇಶಾಡು ಇಲ್ಲದೆ ಬಂದವನನ್ನು ಕಾರವಾರದಲ್ಲಿ ಮನೆಯೊಳಗೆ ಸೇರಿಸುವುದಿಲ್ಲ. ಆದರೆ ಆ ಹಣ್ಣಿನ ಸಿಪ್ಪೆ ಕಾಗದಕ್ಕಿಂತ ತೆಳು, ಒಳಗೆಲ್ಲ ರಸ. ಗಟ್ಟಿಯಾಗಿ ನೋಡಿದರೂ ಒಡೆಯುತ್ತದೆ.

ಒಂದೇ ಚೀಲ ಇತ್ತು. ನಾನು ಗಂಭೀರವಾಗಿ ಯೋಚಿಸಿದೆ. ಮೃದುವಾದದ್ದು ಮೇಲೆ, ಗಟ್ಟಿಯಾದದ್ದು ಕೆಳಗೆ. ಎತ್ತರದ ನೆಲೆಯನ್ನು ದುರ್ಬಲ ಪಡೆಗೆ ಬಿಟ್ಟುಕೊಡುವ ಈ ತಂತ್ರವನ್ನು ಯಾವ ಸೇನಾಪತಿಯಾದರೂ ಮೆಚ್ಚುತ್ತಿದ್ದ. ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಚೀಲವನ್ನು ಬೇರೆ ಯಾರೂ ತುಳಿಯಬಾರದೆಂದು ಕಾಲ ಹಿಂದೆ ಇಟ್ಟುಕೊಂಡು ಕಾವಲು ನಿಂತೆ. ಅಮದಳ್ಳಿ ದಾಟಿದ ಮೇಲೆ ರಸ್ತೆಗೆ ಒಂದು ಎಮ್ಮೆ ಬಂತು. ಡ್ರೈವರ್ ಬ್ರೇಕ್ ಒತ್ತಿದ.

ಬೇರೆ ಯಾರೂ ತುಳಿಯಲಿಲ್ಲ. ನಾನೇ ಕುಳಿತೆ!

ಪಕ್ಕದ ಅಜ್ಜಿ ಮೂಗರಳಿಸಿ, "ಇಶಾಡು ಅಲ್ವಾ? ವಾಸನೆ ಮಾತ್ರ ಭಾರಿ ಲಾಯ್ಕ," ಎಂದಳು.

ಮನೆಯಲ್ಲಿ ಹಿತ್ತಲ ಬಾಗಿಲಿನಿಂದ ನುಸುಳಿದೆ. ಪುಸ್ತಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ರಸ ಇನ್ನೂ ಒಳಕ್ಕೆ ಹೋಯಿತು. ಮಾಳಿಗೆಯಲ್ಲಿ ಸುಮಿತ್ರಾ ಒಣಹಾಕಿದ್ದ ಸಿಗಡಿಯ ಪಕ್ಕದಲ್ಲೇ ಬಿಸಿಲಿಗಿಟ್ಟೆ. ಇರುವೆಗಳು ಸಿಗಡಿಯನ್ನು ಬಿಟ್ಟು ನೌಕಾಪಡೆಯ ಮೇಲೆ ದಂಡೆತ್ತಿ ಬಂದವು. ಸಂಜೆಗೆ ಹೊಳೆಯುವ ಪುಟಗಳೆಲ್ಲ ಒಣಗಿ ಒಂದೇ ಹಲಗೆಯಾಗಿದ್ದವು. ಲಕೋಟೆಯಿಂದ ಅಂಚೆಚೀಟಿ ಬಿಡಿಸಲು ಹಬೆ ಹಿಡಿಯುತ್ತಾರಲ್ಲ? ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿದೆ.

ಬಾಗಿಲಲ್ಲಿ ಸುಮಿತ್ರಾ ನಿಂತಿದ್ದಳು. "ಎಂತಾ ಬೇಯಿಸ್ತಾ ಇದ್ರಿ?"

"ಪುಸ್ತಕ," ಎಂದೆ. ಇನ್ನೇನು ಹೇಳಲಿ?

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಸಿಕ್ಕಿಸಿ ಪುಸ್ತಕದ ಒಂದು ಅಂಚು ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ. "ಮೆಲ್ಲಗೆ... ಮೆಲ್ಲಗೆ..." ಎನ್ನುತ್ತಲೇ ಇದ್ದಳು. ಪುಟ ಬಿಚ್ಚಿಕೊಂಡಿತು. ಹಡಗು ಇದ್ದಂತೆಯೇ ಇತ್ತು. ಅದರ ತೋಪಿಗಾಗಲೀ ಕಂಬಕ್ಕಾಗಲೀ ಒಂದು ಗೀರಿಲ್ಲ. ಹಿಂದಿನ ದಡ ಮಾತ್ರ ಪೂರ್ತಿ ಕಿತ್ತು ಹೋಗಿ, ಅಲ್ಲಿ ಬಿಳೀ ನಾರು ಎದ್ದಿತ್ತು.

ಹೊರಗಿನಿಂದ ಮಾವನ ದನಿ ಬಂತು. "ಸುಮಿ, ಜಾಂವಯ್ ಬಂದ್ರಾ? ಕನ್ನಡಕ ಕೊಡೆ."

ಬೇರೆ ದಾರಿಯಿರಲಿಲ್ಲ. ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆವು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆ ಬಿಳಿಯ ಮೇಲೆ ಬೆರಳಾಡಿಸಿದರು.

"ಹೋಯ್ತಾ?" ಎಂದರು.

"ಹೋಯ್ತು ಮಾಮಾ."

"ಇರ್ಲಿ. ನೀವು ಮಾಸ್ತರರ ಮನೇಲಿ ನೋಡಿದ್ರಲ್ಲ. ಹೇಳಿ, ಎಂತಾ ಎಲ್ಲ ಕಾಣ್ತಿತ್ತು?"

ನನಗೆ ಜೀವ ಬಂದಂತಾಯಿತು. ಹೇಳತೊಡಗಿದೆ. ಮುಂದುಗಡೆ ತೋಪು, ಅದರ ಹಿಂದೆ ಕಮಾನಿನಂಥ ಗೋಪುರ, ಮೇಲೆ ತಿರುಗುವ ರಾಡಾರ್, ಪಕ್ಕಕ್ಕೆ ತೂಗುಹಾಕಿದ ದೋಣಿಗಳು...

"ಅದರ ಹಿಂದೆ?"

ನಾನು ಪುಟದ ಬಿಳೀ ನಾರನ್ನು ನೋಡಿದೆ.

"ಹೊಳೆ ಬಾಯಿ ಇತ್ತನ? ಅದ್ರ ಎಡಕ್ಕೆ ಒಂದ್ ಸಾಲು ತೆಂಗು. ಆ ಸಾಲಿನ ಕೊನೆಗೆ ನಮ್ಮ ಬಾವಿ. ಬಾವಿ ಕಟ್ಟೆ ಕಂಡಿತ್ತಾ?"

ಕಣ್ಣು ಮುಚ್ಚಿ ನೆನಪಿಸಿಕೊಂಡೆ. ತೋಪು ಕಂಡಿತು. ರಾಡಾರ್ ಕಂಡಿತು. ಹಡಗಿನ ತಳದ ಕೆಂಪು ಪಟ್ಟಿಯೂ ಕಂಡಿತು. ಈ ಲೋಕದಲ್ಲಿ ಆ ಚಿತ್ರವನ್ನು ಮಾವನಿಗಾಗಿಯೇ ನೋಡಲು ಹೋದವನು ನಾನೊಬ್ಬ, ಆದರೆ ದಡವನ್ನು ನೋಡಿರಲಿಲ್ಲ.

"ಹಸಿರು ಇತ್ತು ಮಾಮಾ," ಎಂದೆ.

"ಹಸಿರು." ಅವರು ತಲೆಯಾಡಿಸಿದರು. "ಹೌದು. ಹಸಿರೇ ಇತ್ತು."

ಒಡೆಯದೆ ಉಳಿದ ಒಂದು ಹಣ್ಣನ್ನು ಸುಮಿತ್ರಾ ಹೋಳು ಮಾಡಿ ತಂದಳು. ಮಾವ ಅದನ್ನು ತಿಂದು, "ಮಾಸ್ತರರ ಹಣ್ಣು ಒಳ್ಳೇದಿದೆ," ಎಂದರು. ನನ್ನನ್ನು ನೋಯಿಸಬಾರದೆಂದು ಹೇಳಿದರು ಎಂದು ನನಗೂ ಗೊತ್ತಾಯಿತು. ಅಷ್ಟು ಮಟ್ಟಿಗೆ ನಾನು ಬುದ್ಧಿವಂತ.

ಮಳೆ ಹಿಡಿದ ವಾರದಲ್ಲಿ ಮಾವ ನಿದ್ದೆಯಲ್ಲೇ ತೀರಿಕೊಂಡರು.

ಹನ್ನೆರಡರ ಕಾರ್ಯ ಮುಗಿದ ಮೇಲೆ, ಮಾಸ್ತರರ ಕ್ಷಮೆ ಕೇಳಲು ನಾವಿಬ್ಬರೂ ಅಂಕೋಲೆಗೆ ಹೊರಟೆವು. ಬಿಣಗಾ ದಾಟುವಾಗ ಸುಮಿತ್ರಾ, "ಸ್ವಲ್ಪ ಏಳಿ," ಎಂದು ನನ್ನನ್ನು ಎಬ್ಬಿಸಿ, ಸಮುದ್ರದ ಕಡೆಯ ಕಿಟಕಿಗೆ ಕುಳಿತಳು. ಹೊರಗೆ ನೌಕಾನೆಲೆಯ ಗೋಡೆ ಶುರುವಾಯಿತು. ಉದ್ದದ ಗೋಡೆ. ಅವಳು ಅದು ಮುಗಿಯುವವರೆಗೂ ನೋಡಿದಳು. ಈ ಸಲ ನಾನೂ ನೋಡಿದೆ.

ಆಮೇಲೆ ಅವಳು ಕಣ್ಣೊರೆಸಿಕೊಂಡು ತಿರುಗಿದಳು. ಕಂಡಕ್ಟರ್ ಆಗಲೇ ನಮ್ಮ ತಲೆಯ ಮೇಲೆ ನಿಂತಿದ್ದ. ಅವಳದು ಹೇಗೂ ಹೆಂಗಸರ ಉಚಿತ ಟಿಕೆಟ್, ಆಧಾರ್ ಕಾರ್ಡ್ ತೋರಿಸಿದಳು.

"ನಿಮ್ದು ತೆಗ್ಸಿದ್ರಾ?" ಎಂದು ನನ್ನನ್ನು ಕೇಳಿದಳು.

ತೆಗೆಸಿರಲಿಲ್ಲ.